ಮಕ್ಕಳ ರಿಯಾಯಿತಿ ಯಾರಿಗೆ?

ಈ ಲೆಕ್ಕ ಸ್ವಲ್ಪ ನೋಡಿ ಸ್ವಾಮಿ. ಆದಾಯ ತೆರಿಗೆಯ ಹಳೇ ಪದ್ಧತಿಯಲ್ಲಿ ಇಬ್ಬರು ಮಕ್ಕಳ ಬೋಧನಾ ಶುಲ್ಕಕ್ಕೆ ರಿಯಾಯಿತಿ ಉಂಟು. ಇತರೆ ಉಳಿತಾಯವೂ ಸೇರಿ ಮಿತಿ 1.5 ಲಕ್ಷ ರೂಪಾಯಿ. ಸಕಲೇಶಪುರ ಪೇಟೆಯ ಸಂಬಳದಾರರಿಗೆ ಅನುಕೂಲವೇ. ಆದರೆ ಹೆತ್ತೂರು, ಹಾನುಬಾಳು, ಕೆಂಚಮ್ಮನ ಹೊಸಕೋಟೆ ಕಡೆ ಕಾಫಿ ಕುಯ್ಯುವ ತಾಯಿಗೆ? ತೆರಿಗೆ ಕಟ್ಟುವಷ್ಟು ಆದಾಯವೇ ಇಲ್ಲದವಳಿಗೆ ತೆರಿಗೆ ರಿಯಾಯಿತಿ ಬೋಳುತಲೆಗೆ ಬಾಚಣಿಗೆ ಕೊಟ್ಟ ಹಾಗೆ!

ಅವಳಿಗೆ ಆಸರೆ ಹೆರಿಗೆ ಸೌಲಭ್ಯ. 1961ರ ಕಾಯ್ದೆಯಿಂದ ಬಂದ ಈ ಹಕ್ಕು 2017ರಿಂದ ಮೊದಲೆರಡು ಮಕ್ಕಳಿಗೆ 26 ವಾರಗಳ ಸಂಬಳಸಹಿತ ರಜೆ. ಕಾನೂನಿನ ವ್ಯಾಪ್ತಿಗೆ ಬರುವ ತೋಟಗಳಲ್ಲಿ ಮೇಸ್ತ್ರಿ ಮೂಲಕ ಬಂದವಳಿಗೂ ಇದು ಸಲ್ಲಬೇಕು. ಷರತ್ತು, ಹೆರಿಗೆಗೆ ಮುಂಚಿನ 12 ತಿಂಗಳಲ್ಲಿ 80 ದಿನ ಕೆಲಸ. ಕುಯ್ಲು ಪೂರ್ತಿ ಒಂದೇ ತೋಟದಲ್ಲಿ ದುಡಿದವಳಿಗೆ ಅದೇನು ದೂರವಲ್ಲ. ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದಿದ್ದರೆ? ಬಟವಾಡೆಯನ್ನು ಮೇಸ್ತ್ರಿ ಕೈಗೆ ಕೊಟ್ಟು ಕೈತೊಳೆದುಕೊಂಡರೆ ಅವಳ 80 ದಿನಕ್ಕೆ ಸಾಕ್ಷಿ ಯಾರು?

ಕಾರ್ಮಿಕ ಇಲಾಖೆಯವರು ಕುಯ್ಲು ಕಾಲದಲ್ಲೇ ಬೆಟ್ಟ ಹತ್ತಿ ಬಂದು ಹಾಜರಿ ಪುಸ್ತಕ ಬಿಚ್ಚಿಸಲಿ. ತಾಯಂದಿರೇ, ಕೂಲಿ ಚೀಟಿ ಕೇಳಿ ಪಡೆದು ಜೋಪಾನವಾಗಿ ಇಟ್ಟುಕೊಳ್ಳಿ. ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?