ಫೈಬರ್ ಬಂತು ಸರಿ, ಕರೆಂಟ್ ಹೋದರೆ?

ಮಂಗಳೂರಿನಲ್ಲಿ ಹಳೆ ಲ್ಯಾಂಡ್‌ಲೈನ್ ಬ್ರಾಡ್‌ಬ್ಯಾಂಡ್ ಬಿಟ್ಟು ಫೈಬರ್‌ಗೆ ಹೋಗುವವರಿಗೆ ಹೇಳುವುದೆಲ್ಲ ಬರೀ ಸ್ಪೀಡಿನ ಲೆಕ್ಕ. ಹಳೆ ಮಾಡೆಮ್ ಏನು ಮಾಡೋದು, ಗೋಡೆಯೊಳಗಿನ ವಯರ್ ಏನಾಗುತ್ತದೆ, ಕರೆಂಟ್ ಹೋದರೆ ಫೋನ್ ಇರುತ್ತದಾ... ಕೇಳಿದರೂ ಸರಿಯಾದ ಉತ್ತರ ಸಿಗುವುದು ಕಷ್ಟ. ಕನೆಕ್ಷನ್ ಕೊಡುವವರು ಈ ಮೂರನ್ನೂ ಮೊದಲೇ ಹೇಳಬೇಕು ಅನ್ನೋದು ನನ್ನ ವಾದ.

ಮೊದಲು ಮಾಡೆಮ್. 2005ರಲ್ಲಿ ಬಿಎಸ್ಸೆನ್ನೆಲ್‌ನ ಡೇಟಾವನ್ ಜೊತೆ ಮನೆಮನೆಗೆ ಬಂದ ಎಡಿಎಸ್ಎಲ್ ಓಡುವುದು ಟೆಲಿಫೋನಿನ ತಾಮ್ರದ ತಂತಿಯ ಮೇಲೆ. ಅದರ ಸುಧಾರಿತ ರೂಪ ಎಡಿಎಸ್ಎಲ್2+ಗೂ ಸುಮಾರು 24 ಎಂಬಿಪಿಎಸ್ಸೇ ಗಡಿ. ಎಕ್ಸ್‌ಚೇಂಜ್ ದೂರವಾದಷ್ಟೂ ಅದೂ ಇಳಿಯುತ್ತದೆ. ಫೈಬರ್‌ನಲ್ಲಿ ಬರುವುದು ಬೆಳಕು. ಹಾಗಾಗಿ ಒಎನ್‌ಟಿ ಅನ್ನೋ ಬೇರೆ ಡಬ್ಬವೇ ಬೇಕು. ಆದರೆ ಹಳೆಯದನ್ನು ಗುಜರಿಗೆ ಹಾಕಬೇಡಿ ಮಾರಾಯ್ರೆ! ಅದರಲ್ಲಿ ವೈಫೈ ಇದ್ದರೆ ಐಪಿ ವಿಳಾಸ ಬದಲಿಸಿ, ಡಿಎಚ್‌ಸಿಪಿ ಆಫ್ ಮಾಡಿ, ಒಎನ್‌ಟಿಯಿಂದ ಒಂದು ಈಥರ್ನೆಟ್ ಕೇಬಲ್ ಎಳೆದು ಅದರ ಲ್ಯಾನ್ ಪೋರ್ಟಿಗೆ ಹಾಕಿ. ಮಹಡಿಯ ಕೋಣೆಗೂ ವೈಫೈ ಆಯ್ತು :-)

ಇನ್ನು ವಯರಿಂಗ್. ಸ್ಪ್ಲಿಟ್ಟರ್ ಇನ್ನು ಬೇಡ. ಗೋಡೆಯೊಳಗಿನ ಹಳೆ ಫೋನ್ ವಯರನ್ನು ಹೊರಗಿನ ಲೈನಿನಿಂದ ಪೂರ್ತಿ ಬಿಡಿಸಿ ಒಎನ್‌ಟಿಯ ಫೋನ್ ಪೋರ್ಟಿಗೆ ಜೋಡಿಸಿದರೆ ಒಳಕೋಣೆಯ ಫೋನೂ ರಿಂಗಾಗುತ್ತದೆ. ಫೈಬರ್ ಎಳೆಯನ್ನು ಮಾತ್ರ ಬಾಗಿಲ ಸಂದಿಯಲ್ಲಿ ಚೂಪಾಗಿ ಮಡಚಬೇಡಿ, ಬೆಳಕು ಸೋರಿಹೋಗುತ್ತದೆ.

ಎಲ್ಲಕ್ಕಿಂತ ಮುಖ್ಯ ಕರೆಂಟ್. ಹಳೆ ಫೋನಿಗೆ ಎಕ್ಸ್‌ಚೇಂಜಿನ ಬ್ಯಾಟರಿಯಿಂದ 48 ವೋಲ್ಟ್ ತಂತಿಯಲ್ಲೇ ಬರುತ್ತಿತ್ತು, ಮನೆ ಕತ್ತಲಾದರೂ ಫೋನ್ ಇರುತ್ತಿತ್ತು. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯೋದಿಲ್ಲ. ಸಿಡಿಲಿನ ಕಾಲದಲ್ಲಿ ಇದರಿಂದ ಲಾಭವೂ ಉಂಟು, ಫೋನ್ ತಂತಿಯ ಮೂಲಕ ಬಂದು ಮಾಡೆಮ್ ಸುಡುವ ಭಯ ಇಲ್ಲ. ಆದರೆ ಜುಲೈ ಮಳೆಗೆ ಮರ ಬಿದ್ದು ಕರೆಂಟ್ ಹೋಯಿತೋ, ಒಎನ್‌ಟಿ ಜೊತೆಗೆ ಲ್ಯಾಂಡ್‌ಲೈನೂ ಸತ್ತಂತೆ. ಮಕ್ಕಳೆಲ್ಲ ಬೆಂಗಳೂರು, ಗಲ್ಫ್ ಸೇರಿ, ಅಪ್ಪ-ಅಮ್ಮ ಇಬ್ಬರೇ ಇರುವ ಮನೆಗಳು ಇಲ್ಲಿ ಎಷ್ಟಿಲ್ಲ? ಅವರ ಕೈ ರಾತ್ರಿ ಹೊತ್ತು ಮೊದಲು ಹೋಗುವುದು ಆ ಲ್ಯಾಂಡ್‌ಲೈನಿಗೇ.

ಇನ್ವರ್ಟರ್ ಇದ್ದರೆ ಒಎನ್‌ಟಿಯ ಪ್ಲಗ್ ಅದರ ಲೈನಿನಲ್ಲಿದೆಯಾ ನೋಡಿ. ಇಲ್ಲವಾದರೆ ಅಡಾಪ್ಟರ್ ಮೇಲಿನ ವೋಲ್ಟ್, ಆಂಪಿಯರ್ ಓದಿಕೊಂಡು ಅದಕ್ಕೆ ಹೊಂದುವ ಚಿಕ್ಕ ಯುಪಿಎಸ್ ತನ್ನಿ. ಅಪ್ಪ-ಅಮ್ಮನ ಮನೆಗೆ ಫೈಬರ್ ಹಾಕಿಸುವಾಗ 100 ಎಂಬಿಪಿಎಸ್ಸೋ 200ಓ ಅಂತ ತಲೆ ಕೆಡಿಸಿಕೊಳ್ಳುವ ಮೊದಲು ಇದಿಷ್ಟು ಆಗಲಿ. ನೀವೇನಂತೀರಿ?