ಕೋಚ್‌ನ ಭಕ್ತಿ, ಹುಡುಗನ ಆಯ್ಕೆ

ಮಗನನ್ನು ಪರಸ್ಥಳಕ್ಕೆ ಓದಲು ಕಳಿಸುವ ತಾಯಿತಂದೆಯರು ಮೊದಲು ಕೇಳುವ ಪ್ರಶ್ನೆಗಳು ಎಲ್ಲ ಕಾಲಕ್ಕೂ ಒಂದೇ. ಊಟ ಎಲ್ಲಿ? ವಾಸ ಎಲ್ಲಿ? ನೋಡಿಕೊಳ್ಳುವವರು ಯಾರು, ಅವರು ಎಂಥ ಜನ? ಹೊರನಾಡಿಗೆ ಬಂದು ನೆಲೆಸಿದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಊರು ಬಿಟ್ಟು ಮೊದಲ ಸಲ ಮುಂಬಯಿಗೋ ಪುಣೆಗೋ ಬಂದಿಳಿದ ನಮ್ಮ ಎಷ್ಟೋ ಹಿರಿಯರ ಜೇಬಿನಲ್ಲಿ ಊರವರೊಬ್ಬರ ವಿಳಾಸದ ಚೀಟಿ ಇರುತ್ತಿತ್ತು. "ನಮ್ಮವರು" ಎಂಬ ಒಂದು ಮಾತಿಗೆ ಅರ್ಧ ಭಯ ಕಳೆಯುತ್ತಿತ್ತು.

ಅಮೆರಿಕೆಯ ಕಾಲೇಜುಗಳ ಆಟದ ಬಯಲಿನಲ್ಲಿ ಇಂಥದೇ ಪ್ರಶ್ನೆಯೊಂದು ಬಹುಕಾಲದಿಂದ ಚರ್ಚೆಯಲ್ಲಿದೆ. ತಂಡದ ಕೋಚ್ ದೈವಭಕ್ತನಾಗಿದ್ದರೆ ಆ ಭಕ್ತಿ ಆಟಗಾರರ ಆಯ್ಕೆಯ ಮೇಲೆ ಪರಿಣಾಮ ಮಾಡುತ್ತದೆಯೆ? ಮಾಡಿದರೆ ಅದು ತಪ್ಪೆ? ನಮ್ಮ ಅನೇಕ ಮನೆಗಳ ಮಕ್ಕಳು ಆ ದೇಶದಲ್ಲಿ ನೆಲೆಸಿ, ಮೊಮ್ಮಕ್ಕಳು ಅಲ್ಲಿನ ಶಾಲೆಗಳಲ್ಲಿ ಆಡಿ ಬೆಳೆಯುತ್ತಿರುವ ಈ ಕಾಲದಲ್ಲಿ ಇದನ್ನು ಪರರ ಮನೆಯ ಮಾತೆಂದು ಪಕ್ಕಕ್ಕಿಡುವಂತಿಲ್ಲ.

ಮೊದಲು ಅಲ್ಲಿನ ಪದ್ಧತಿಯನ್ನು ತಿಳಿಯೋಣ. ನಮ್ಮಲ್ಲಿ ಸಾಮಾನ್ಯವಾಗಿ ಹುಡುಗ ಕಾಲೇಜು ಸೇರಿದ ಮೇಲೆ ತಂಡಕ್ಕೆ ಆರಿಸುತ್ತಾರೆ. ಅಲ್ಲಿ ತಂಡಕ್ಕೆ ಆರಿಸಿಯೇ ಕಾಲೇಜಿಗೆ ಕರೆಯುತ್ತಾರೆ. ಹೈಸ್ಕೂಲಿನಲ್ಲಿ ಹುಡುಗನ ಆಟ ಕಣ್ಣಿಗೆ ಬಿದ್ದರೆ ಕೋಚ್ ತಾನೇ ಅವನ ಮನೆಗೆ ಹೋಗುತ್ತಾನೆ. ತಾಯಿತಂದೆಯರ ಎದುರು ಕುಳಿತು, "ನಿಮ್ಮ ಮಗನನ್ನು ನನ್ನ ಕೈಗೆ ಒಪ್ಪಿಸಿ, ನಾನು ನೋಡಿಕೊಳ್ಳುತ್ತೇನೆ" ಎಂಬ ಧಾಟಿಯಲ್ಲಿ ಮಾತನಾಡುತ್ತಾನೆ. ಹೆಣ್ಣು ಕೇಳಲು ಬಂದವರ ಮಾತುಕತೆಗೂ ಇದಕ್ಕೂ ಹೆಚ್ಚಿನ ಅಂತರವಿಲ್ಲ!

ಈ ಮಾತುಕತೆಯ ಹಿಂದೆ ಇರುವ ಗಂಟೂ ಸಣ್ಣದಲ್ಲ. ಪೂರ್ಣ ವಿದ್ಯಾರ್ಥಿವೇತನವೆಂದರೆ ಕಲಿಕೆಯ ಶುಲ್ಕ, ಪುಸ್ತಕ, ಊಟ, ವಸತಿ ಎಲ್ಲವೂ ಸೇರಿತು. 1973ರಿಂದ ಬಹುಕಾಲ ಈ ವೇತನ ವರ್ಷ ವರ್ಷಕ್ಕೂ ನವೀಕರಣವಾಗಬೇಕಿತ್ತು. 2012ರ ನಂತರವೇ ಹಲವು ವರ್ಷಗಳಿಗೆ ಒಟ್ಟಾಗಿ ಕೊಡಲು ಅನುಮತಿ ದೊರೆಯಿತು. 2021ರ ಜುಲೈಯಿಂದ ಆಟಗಾರರು ತಮ್ಮ ಹೆಸರನ್ನೂ ಚಿತ್ರವನ್ನೂ ಜಾಹೀರಾತಿಗೆ ಕೊಟ್ಟು ಸಂಪಾದಿಸಬಹುದು. 2025ರ ಜುಲೈಯಿಂದ ವಿಶ್ವವಿದ್ಯಾಲಯಗಳೇ ಅವರಿಗೆ ನೇರವಾಗಿ ಹಣ ಕೊಡಬಹುದು. ಹುಡುಗನನ್ನು ಆರಿಸುವವನೂ ಕೋಚ್, ಆಡಿಸುವವನೂ ಕೋಚ್, ಆಡಿಸದೆ ಬೆಂಚಿನ ಮೇಲೆ ಕೂಡಿಸುವವನೂ ಕೋಚ್. ಈ ಒಂದು ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಧರ್ಮಸಂಸ್ಥೆಗಳು ನಡೆಸುವ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಏನು ನಡೆದಿದೆ ನೋಡೋಣ. ಇಂಡಿಯಾನಾ ರಾಜ್ಯದ ನೋಟರ್ ಡೇಮ್ ವಿಶ್ವವಿದ್ಯಾಲಯವನ್ನು 1842ರಲ್ಲಿ ಸ್ಥಾಪಿಸಿದವರು ಕ್ಯಾಥೊಲಿಕ್ ಪಾದ್ರಿಗಳು. ಕೈಯಲ್ಲಿ ಚೆಂಡು ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲಿನಲ್ಲಿ ಅದರ ಹೆಸರು ಬಲು ದೊಡ್ಡದು. ಆ ಹೆಸರನ್ನು ತಂದುಕೊಟ್ಟ ನೂಟ್ ರಾಕ್ನಿಯವರು ನಾರ್ವೆಯಲ್ಲಿ ಹುಟ್ಟಿ, ಲುಥರನ್ ಪಂಥದಲ್ಲಿ ಬೆಳೆದವರು. 1918ರಲ್ಲಿ ಅವರು ಮುಖ್ಯ ಕೋಚ್ ಆದರು. 1924ರಲ್ಲಿ ಅವರ ತಂಡ ಒಂದು ಪಂದ್ಯವನ್ನೂ ಸೋಲದೆ ರಾಷ್ಟ್ರದ ಅಗ್ರಸ್ಥಾನಕ್ಕೇರಿತು. ಅವರು ಕ್ಯಾಥೊಲಿಕ್ ಪಂಥಕ್ಕೆ ಸೇರಿದ್ದು ಮರುವರ್ಷ, 1925ರಲ್ಲಿ. 1964ರಲ್ಲಿ ಅದೇ ಪಟ್ಟಕ್ಕೆ ಬಂದ ಅರಾ ಪಾರ್ಸೀಗಿಯನ್ನರು ಪ್ರೆಸ್‌ಬಿಟೇರಿಯನ್ ಪಂಥದವರು. ಅವರು ಬರುವ ಹಿಂದಿನ ವರ್ಷ ಎರಡೇ ಪಂದ್ಯ ಗೆದ್ದಿದ್ದ ತಂಡ ಅವರ ಕೈಯಲ್ಲಿ ಮೊದಲ ವರ್ಷವೇ ಒಂಬತ್ತು ಗೆದ್ದಿತು. ಮುಂದೆ 1966 ಮತ್ತು 1973ರಲ್ಲಿ ಅಗ್ರಪಟ್ಟವೂ ಬಂತು. ಕೋಚ್ ಬೇರೆ ಪಂಥದವರೆಂದು ಕ್ಯಾಥೊಲಿಕ್ ಮನೆಗಳು ಮಕ್ಕಳನ್ನು ಕಳಿಸುವುದನ್ನು ನಿಲ್ಲಿಸಲಿಲ್ಲ. ಆ ಮನೆಗಳ ವಿಶ್ವಾಸ ವಿದ್ಯಾಲಯದ ಮೇಲೆ ನಿಂತಿತ್ತು.

ಯೂಟಾ ರಾಜ್ಯದ ಬ್ರಿಗ್ಯಾಮ್ ಯಂಗ್ ವಿಶ್ವವಿದ್ಯಾಲಯದ ರೀತಿ ಬೇರೆ. ಇದು ಮಾರ್ಮನ್ನರೆಂದು ಜನ ಕರೆಯುವ ಪಂಥದ ಸಂಸ್ಥೆ. ಇಲ್ಲಿ ಫುಟ್‌ಬಾಲಿನ ಮುಖ್ಯ ಕೋಚ್ ಆ ಪಂಥದವನೇ ಆಗಿರಬೇಕು. ಆಟಗಾರ ಯಾವ ಧರ್ಮದವನಾದರೂ ಆಗಬಹುದು, ಆದರೆ ಅಲ್ಲಿನ ನಡವಳಿಕೆಯ ಸಂಹಿತೆಗೆ ರುಜು ಹಾಕಬೇಕು: ಮದ್ಯವಿಲ್ಲ, ತಂಬಾಕಿಲ್ಲ, ವಿವಾಹಕ್ಕೆ ಮುನ್ನ ದೇಹಸಂಬಂಧವಿಲ್ಲ, ಚಹಾ ಕಾಫಿ ಕೂಡ ಇಲ್ಲ. ಬೆಳಗಿನ ಕಾಫಿಯಿಲ್ಲದೆ ಕಣ್ಣು ತೆರೆಯದ ನಮ್ಮವರ ಗತಿ ಅಲ್ಲಿ ಏನಾದೀತೋ!

ಈ ನಿಯಮ ಬರಿಯ ಕಾಗದದ ಮೇಲಿನದಲ್ಲ. 2011ರ ಮಾರ್ಚಿಯಲ್ಲಿ ಅಲ್ಲಿನ ಬಾಸ್ಕೆಟ್‌ಬಾಲ್ ತಂಡ ರಾಷ್ಟ್ರದಲ್ಲಿ ಮೂರನೆಯ ಸ್ಥಾನದಲ್ಲಿದ್ದಾಗ, ಸಂಹಿತೆಯನ್ನು ಮೀರಿದನೆಂದು ಮುಖ್ಯ ಆಟಗಾರನೊಬ್ಬನನ್ನು ಆ ಋತು ಮುಗಿಯುವವರೆಗೆ ತಂಡದಿಂದ ಹೊರಗಿಟ್ಟರು. ಸೋಲಿನ ಭಯ ಅವರನ್ನು ತಡೆಯಲಿಲ್ಲ. ಹೀಗಿದ್ದರೂ 2024ರಲ್ಲಿ ಅಲ್ಲಿನ ಫುಟ್‌ಬಾಲ್ ತಂಡವನ್ನು ಮುನ್ನಡೆಸಿ ಹನ್ನೊಂದು ಗೆಲುವು ತಂದುಕೊಟ್ಟವನು ಯೆಹೂದಿ ಯುವಕ. ನಿಯಮ ಮೊದಲೇ ಬಾಗಿಲಲ್ಲಿ ಬರೆದಿದ್ದರೆ, ಒಪ್ಪುವವನು ಒಳಗೆ ಬರುತ್ತಾನೆ, ಒಲ್ಲದವನು ಬೇರೆ ಬಾಗಿಲು ನೋಡುತ್ತಾನೆ. ಇಬ್ಬರಿಗೂ ಮೋಸವಿಲ್ಲ.

ಆದರೆ ಇದೇ ಪಂಥದ ಕಥೆಗೆ ನೋವಿನ ಪುಟವೂ ಉಂಟು. 1978ರವರೆಗೆ ಕರಿಯ ಪುರುಷರಿಗೆ ಅಲ್ಲಿ ಪೌರೋಹಿತ್ಯದ ಅಧಿಕಾರವಿರಲಿಲ್ಲ. ಇದನ್ನು ಪ್ರತಿಭಟಿಸಲು 1969ರ ಅಕ್ಟೋಬರಿನಲ್ಲಿ ನೆರೆಯ ವಯೋಮಿಂಗ್ ವಿಶ್ವವಿದ್ಯಾಲಯದ ಹದಿನಾಲ್ಕು ಮಂದಿ ಕರಿಯ ಆಟಗಾರರು, ಬ್ರಿಗ್ಯಾಮ್ ಯಂಗ್ ತಂಡದೊಡನೆ ಪಂದ್ಯ ನಡೆಯುವ ಮುನ್ನಾದಿನ, ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ತಮ್ಮ ಕೋಚ್‌ನ ಬಳಿ ಮಾತನಾಡಲು ಹೋದರು. ಅವರು ಅಷ್ಟೂ ಮಂದಿಯನ್ನು ಅಂದೇ ತಂಡದಿಂದ ತೆಗೆದುಹಾಕಿದರು. ವಯೋಮಿಂಗ್ ವಿಶ್ವವಿದ್ಯಾಲಯ ಅವರಲ್ಲಿ ಔಪಚಾರಿಕವಾಗಿ ಕ್ಷಮೆ ಕೇಳಿದ್ದು 2019ರಲ್ಲಿ, ಐವತ್ತು ವರ್ಷ ಕಳೆದ ಮೇಲೆ. ಒಂದು ಧರ್ಮಸಂಸ್ಥೆಯ ನಂಬಿಕೆ ಯಾರನ್ನು ಹೊರಗಿಡುತ್ತದೆ ಎಂಬುದನ್ನು ಆಟಗಾರರು ಗಮನಿಸದೆ ಇರಲಾರರು.

ಇನ್ನು ಸರಕಾರಿ ವಿಶ್ವವಿದ್ಯಾಲಯಗಳ ಮಾತು. ತೊಡಕು ಹೆಚ್ಚುವುದು ಇಲ್ಲಿಯೇ. ಜನರ ತೆರಿಗೆಯಿಂದ ನಡೆಯುವ ಸಂಸ್ಥೆ ಯಾವ ಮತದ ಪಕ್ಷವನ್ನೂ ವಹಿಸಬಾರದೆಂಬುದು ಅಲ್ಲಿನ ಸಂವಿಧಾನದ ಮಾತು. ಯಾರ ಮತಸ್ವಾತಂತ್ರ್ಯಕ್ಕೂ ಅಡ್ಡಿ ಬರಬಾರದೆಂಬುದೂ ಅದೇ ಸಂವಿಧಾನದ ಮಾತೇ. ದಕ್ಷಿಣ ಕೆರೊಲಿನಾದ ಕ್ಲೆಮ್ಸನ್ ವಿಶ್ವವಿದ್ಯಾಲಯದಲ್ಲಿ 2008ರಲ್ಲಿ ಮುಖ್ಯ ಕೋಚ್ ಆದ ಡಾಬೊ ಸ್ವಿನಿಯವರು ತಮ್ಮ ಕ್ರೈಸ್ತ ಶ್ರದ್ಧೆಯನ್ನು ಮುಚ್ಚಿಟ್ಟವರಲ್ಲ. 2014ರಲ್ಲಿ ಮತ ಮತ್ತು ಸರಕಾರ ಬೇರೆಯಾಗಿರಬೇಕೆನ್ನುವ ಸಂಘವೊಂದು, ತಂಡಕ್ಕೆ ಧರ್ಮೋಪದೇಶಕನೇಕೆ, ಆಟಗಾರರಿಗೆ ಬೈಬಲ್ ಪಾಠವೇಕೆ ಎಂದು ವಿಶ್ವವಿದ್ಯಾಲಯಕ್ಕೆ ಆಕ್ಷೇಪ ಬರೆಯಿತು. ಭಾಗವಹಿಸುವುದು ಅವರವರ ಇಷ್ಟ ಎಂದು ವಿಶ್ವವಿದ್ಯಾಲಯ ಉತ್ತರಿಸಿತು. ಯಾವ ಮತದವರಿಗೂ, ಯಾವ ಮತವೂ ಇಲ್ಲದವರಿಗೂ ತಂಡದಲ್ಲಿ ಸ್ವಾಗತವಿದೆ ಎಂದು ಸ್ವಿನಿಯವರೂ ತಿಳಿಸಿದರು. ಆಯ್ಕೆಗೆ ಅದರಿಂದ ಹಾನಿಯಾದಂತೆ ಕಾಣಲಿಲ್ಲ. 2017ರ ಜನವರಿಯಲ್ಲೂ 2019ರ ಜನವರಿಯಲ್ಲೂ ಅವರ ತಂಡ ರಾಷ್ಟ್ರದ ಅಗ್ರಪಟ್ಟವನ್ನು ಗೆದ್ದಿತು. ಚರ್ಚಿಗೆ ಹೋಗುವ ಮನೆಗಳು ಬಹಳವಿರುವ ಆ ಸೀಮೆಯಲ್ಲಿ ಕೋಚ್‌ನ ಭಕ್ತಿ ಎಷ್ಟೋ ತಾಯಂದಿರ ಮನಸ್ಸಿಗೆ ಸಮಾಧಾನ ತಂದಿದ್ದರೆ ಆಶ್ಚರ್ಯವಿಲ್ಲ. ನಮ್ಮ ಹಿರಿಯರ ಜೇಬಿನ ಚೀಟಿಯೂ ಅಂಥದೇ ಸಮಾಧಾನವಲ್ಲವೆ?

ಹಾಗಾದರೆ ಕಷ್ಟ ಎಲ್ಲಿದೆ? "ಅವರವರ ಇಷ್ಟ" ಎಂಬ ಮಾತಿನಲ್ಲಿದೆ. ವಾಷಿಂಗ್ಟನ್ ರಾಜ್ಯದ ಬ್ರೆಮರ್ಟನ್ ಎಂಬಲ್ಲಿನ ಹೈಸ್ಕೂಲ್ ಕೋಚ್ ಒಬ್ಬರು ಪಂದ್ಯ ಮುಗಿದೊಡನೆ ಬಯಲಿನ ನಡುವೆ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದರು. ಶಾಲೆ ತಡೆಯಿತು, ವ್ಯಾಜ್ಯ ಬೆಳೆಯಿತು. 2022ರ ಜೂನಿನಲ್ಲಿ ಅಲ್ಲಿನ ಸುಪ್ರೀಮ್ ಕೋರ್ಟು ಆರು-ಮೂರರ ಬಹುಮತದಿಂದ ಕೋಚ್‌ನ ಪರವಾಗಿ ತೀರ್ಪಿತ್ತಿತು. ಆದರೆ ಆ ಮೊಕದ್ದಮೆಯ ಕಡತದಲ್ಲಿ ಒಬ್ಬ ತಂದೆಯ ದೂರು ಇತ್ತು. ಮಗನಿಗೆ ದೇವರಲ್ಲಿ ನಂಬಿಕೆಯಿಲ್ಲ. ಆದರೂ ಸೇರದಿದ್ದರೆ ಆಡುವ ಅವಕಾಶ ಕಡಿಮೆಯಾದೀತೆಂದು ಹೆದರಿ ಅವನು ಪ್ರಾರ್ಥನೆಗೆ ನಿಲ್ಲುತ್ತಿದ್ದ. ಕೋಚ್ ಯಾರನ್ನೂ ಬಾಯಿಬಿಟ್ಟು ಕರೆಯಬೇಕಾಗಿಲ್ಲ. ಹದಿನಾರರ ಹುಡುಗ ಕೋಚ್‌ನ ಮುಖ ನೋಡಿಯೇ ತಿಳಿಯುತ್ತಾನೆ.

ಇನ್ನೊಂದು ಅಪಾಯವನ್ನು ತಂದೆತಾಯಿಗಳು ಮರೆಯುತ್ತಾರೆ. ಕೋಚ್ ಶಾಶ್ವತನಲ್ಲ. 2005ರಲ್ಲಿ ನ್ಯೂ ಮೆಕ್ಸಿಕೊ ರಾಜ್ಯದ ಸರಕಾರಿ ವಿಶ್ವವಿದ್ಯಾಲಯವೊಂದಕ್ಕೆ ಹೊಸ ಕೋಚ್ ಬಂದ ವರ್ಷವೇ ಕೆಲವು ಮುಸ್ಲಿಂ ಆಟಗಾರರು ತಂಡದಿಂದ ಹೊರಬಿದ್ದರು. ಅವರಲ್ಲಿ ಒಬ್ಬ, ಹಿಂದಿನ ವರ್ಷ ಚೆಂಡು ಹಿಡಿದು ಓಡುವುದರಲ್ಲಿ ತಂಡಕ್ಕೇ ಮೊದಲಿಗನಾಗಿದ್ದವನು. ತಂಡದಲ್ಲಿ ಕ್ರೈಸ್ತ ಪ್ರಾರ್ಥನೆ ನಡೆಯುತ್ತಿತ್ತು, ನಮ್ಮ ಧರ್ಮವೇ ನಮಗೆ ಮುಳುವಾಯಿತು ಎಂದು ಅವರು ನ್ಯಾಯಾಲಯಕ್ಕೆ ಹೋದರು. ವಿಶ್ವವಿದ್ಯಾಲಯ ಆರೋಪವನ್ನು ಒಪ್ಪಲಿಲ್ಲ. 2007ರಲ್ಲಿ ವ್ಯಾಜ್ಯ ರಾಜಿಯಲ್ಲಿ ಮುಗಿಯಿತು. ಸತ್ಯ ಯಾರ ಕಡೆಗಿದ್ದರೂ ಒಂದು ಮಾತು ಉಳಿಯುತ್ತದೆ: ಆ ಹುಡುಗರು ಬಂದದ್ದು ಒಬ್ಬ ಕೋಚ್‌ನ ಕಾಲದಲ್ಲಿ, ಕಷ್ಟಕ್ಕೆ ಸಿಕ್ಕಿದ್ದು ಇನ್ನೊಬ್ಬನ ಕಾಲದಲ್ಲಿ.

ಇವನ್ನೆಲ್ಲ ತೂಗಿ ನೋಡಿದರೆ, ಕೋಚ್‌ನ ಶ್ರದ್ಧೆ ಆಯ್ಕೆಯ ಮೇಲೆ ಪರಿಣಾಮ ಮಾಡುತ್ತದೆ ಎಂದೇ ಹೇಳಬೇಕು. ಕೆಲವರನ್ನು ಸೆಳೆಯುತ್ತದೆ, ಕೆಲವರನ್ನು ದೂರವಿಡುತ್ತದೆ. ಅದನ್ನು ಮುಚ್ಚುಮರೆಯಿಲ್ಲದೆ ಮೊದಲೇ ಹೇಳಿಬಿಡುವ ಕೋಚ್, ಏನೂ ಹೇಳದೆ ಆಮೇಲೆ ತೋರಿಸುವವನಿಗಿಂತ ಮೇಲು. ಆದರೆ ಹುಡುಗ ಬಂದು ಸೇರಿದ ಮೇಲೆ ಪ್ರಾರ್ಥನೆಗೂ ಆಟದ ಅವಕಾಶಕ್ಕೂ ಯಾವ ನಂಟೂ ಇರಕೂಡದು. ವಿದ್ಯಾರ್ಥಿವೇತನದ ಗಂಟನ್ನು ಕೈಯಲ್ಲಿ ಹಿಡಿದವನು "ಇಷ್ಟವಿದ್ದರೆ ಬಾ" ಎಂದರೆ, ಅದು ಆ ಹುಡುಗನ ಕಿವಿಗೆ "ಬಾ" ಎಂದಷ್ಟೇ ಕೇಳಿಸುತ್ತದೆ.

ನಮ್ಮ ಮನೆಯ ಮೊಮ್ಮಗನೋ ಮೊಮ್ಮಗಳೋ ಇಂಥ ಆಯ್ಕೆಯ ಎದುರು ನಿಂತಾಗ, ಅಜ್ಜ ಅಜ್ಜಿಯರು ಫೋನಿನಲ್ಲಿ ನಾಲ್ಕು ಮಾತು ಕೇಳಿಸಬಹುದು. ರುಜು ಹಾಕುವ ಮುಂಚೆ ನಿಯಮದ ಪುಸ್ತಕವನ್ನು ಮನೆಮಂದಿಯೆಲ್ಲ ಓದಿದಿರಾ? ಭಾನುವಾರ ಬೆಳಿಗ್ಗೆ ತಂಡ ಏನು ಮಾಡುತ್ತದೆ, ಹೋಗದವರು ಏನು ಮಾಡುತ್ತಾರೆ? ಈ ಕೋಚ್ ಬಿಟ್ಟುಹೋದರೂ ಆ ಕಾಲೇಜು ನಿನಗೆ ಬೇಕೆ? ಕೊನೆಯದಾಗಿ, ಆ ತಂಡದಲ್ಲಿ ಬೇರೆ ಧರ್ಮದ ಹುಡುಗರು ಯಾರಾದರೂ ಆಡಿದ್ದರೆ, ಕೋಚ್ ಎದುರಿಗಿಲ್ಲದಾಗ ಅವರೊಡನೆ ಮಾತನಾಡಿದಿರಾ? ಮನೆಗೆ ಬಂದು ಕುಳಿತ ಕೋಚ್ ತನ್ನ ವಿಷಯವನ್ನು ತಾನೇ ಚೆನ್ನಾಗಿ ಹೇಳಿಕೊಳ್ಳುತ್ತಾನೆ. ಬೆಂಚಿನ ಮೇಲೆ ಕುಳಿತು ಬಂದ ಹುಡುಗನನ್ನು ನಾವಾಗಿ ಹುಡುಕಿ ಕೇಳಬೇಕಾಗುತ್ತದೆ.