ಇಂಗ್ಲಿಷ್ ಪದಗಳೂ ನಮ್ಮ ತರುಣರೂ

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ಕನ್ನಡಿಗ ತರುಣನಿಗೆ ಇಂಗ್ಲಿಷ್ ಕಲಿಯಬೇಕೆಂಬ ಹಂಬಲವಿರುವುದು ಸಹಜವೂ ಹೌದು, ಮೆಚ್ಚತಕ್ಕುದೂ ಹೌದು. ಹಗಲೆಲ್ಲ ತಟ್ಟೆ ಲೋಟ ಎತ್ತಿ, ರಾತ್ರಿ ಹೋಟೆಲಿನ ಬಾಗಿಲು ಹಾಕಿದ ಮೇಲೆ, ಮಲಗುವುದಕ್ಕೆ ಮುಂಚಿನ ಅರ್ಧ ಗಂಟೆಯನ್ನು ಕಲಿಕೆಗೆಂದು ತೆಗೆದಿಡುವ ಹುಡುಗನನ್ನು ಕಂಡರೆ ಯಾರಿಗೆ ತಾನೆ ಗೌರವವುಂಟಾಗದು? ಆದರೆ ಆ ಅರ್ಧ ಗಂಟೆ ಹೇಗೆ ವ್ಯಯವಾಗುತ್ತಿದೆ ಎಂಬುದನ್ನು ವಿಚಾರಿಸಬೇಕಾದ ಕಾಲ ಬಂದಿದೆ. ‘ದಿನಕ್ಕೆ ಹತ್ತು ಕಠಿಣ ಪದಗಳು’ ಎಂಬ ಬಗೆಯ ಪಟ್ಟಿಗಳು ಪುಸ್ತಕದಂಗಡಿಯಲ್ಲಿಯೂ ದೊರೆಯುತ್ತವೆ, ಕೈಯಲ್ಲಿರುವ ಮೊಬೈಲಿನಲ್ಲಿಯೂ ದೊರೆಯುತ್ತವೆ. ಎಡಗಡೆ ಇಂಗ್ಲಿಷ್ ಪದ, ಬಲಗಡೆ ಒಂದೇ ಒಂದು ಅರ್ಥ. ಅದನ್ನು ಉರು ಹೊಡೆದವನು ವಿದ್ಯಾವಂತನಾದನೆಂದು ತಾನೂ ನಂಬುತ್ತಾನೆ, ಜೊತೆಯವರೂ ನಂಬುತ್ತಾರೆ. ಈ ನಂಬಿಕೆ ಎಷ್ಟು ದುಬಾರಿಯಾಗಬಹುದೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಮಾಲೇಗಾಂವ್‌ನಲ್ಲಿ, ಮುಂಬಯಿ-ಆಗ್ರಾ ಹೆದ್ದಾರಿಯ ಬದಿಯ ಹೋಟೆಲೊಂದರಲ್ಲಿ ದುಡಿಯುವ ತರುಣನೊಬ್ಬನನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಕುಂದಾಪುರದ ಕಡೆಯ ಹುಡುಗ. ಮಾಣಿಯಾಗಿ ಸೇರಿ ಎಂಟು ವರ್ಷಗಳಲ್ಲಿ ಗಲ್ಲೆಯ ತನಕ ಏರಿದವನು. ಮಾಲೇಗಾಂವ್ ನೇಕಾರರ ಊರು. ಉತ್ತರ ಹಿಂದೂಸ್ಥಾನದಿಂದ ಹಿಂದೆಯೇ ಬಂದು ನೆಲೆಸಿದ ನೇಕಾರ ಕುಟುಂಬಗಳ ಉರ್ದು, ಸರಕಾರಿ ಕಚೇರಿಯ ಮರಾಠಿ, ಸುತ್ತಲಿನ ಹಳ್ಳಿಗಳಿಂದ ಸಂತೆಗೆ ಬರುವವರ ಅಹಿರಾಣಿ, ಈ ಮೂರೂ ಅಲ್ಲಿ ಒಂದೇ ಬೀದಿಯಲ್ಲಿ ಕೇಳಿಬರುತ್ತವೆ. ನಮ್ಮ ತರುಣನಿಗೆ ಈ ಮೂರೂ ಬರುತ್ತವೆ. ಒಂದನ್ನೂ ಪುಸ್ತಕದಿಂದ ಕಲಿತವನಲ್ಲ. ಇಂಗ್ಲಿಷನ್ನು ಮಾತ್ರ ಅವನು ಪಟ್ಟಿಯಿಂದ ಕಲಿತಿದ್ದಾನೆ. ‘ಮ್ಯಾಗ್ನಾನಿಮಸ್’ ಎಂದರೆ ಉದಾರ ಹೃದಯದವನು, ‘ಲೊಕ್ವೇಷಸ್’ ಎಂದರೆ ವಾಚಾಳಿ ಎಂದು ತಡವರಿಸದೆ ಹೇಳಬಲ್ಲ.

ಒಂದು ದಿನ ಅವನು ಕೆಲಸ ಬಿಡುವ ಪ್ರಸಂಗ ಬರುತ್ತದೆ. ಲೆಕ್ಕ ಚುಕ್ತಾ ಮಾಡುವ ಕಾಗದವೊಂದನ್ನು ಅವನ ಮುಂದೆ ಇಡುತ್ತಾರೆ. ಅದರಲ್ಲಿ ‘ಗ್ರಾಚ್ಯುಯಿಟಿ’ ಎಂದಿದೆ. ಅದರ ಹಿಂದೆಯೇ ‘ವೇವ್’ ಎಂದಿದೆ. ಅವನ ಪಟ್ಟಿಯಲ್ಲಿ ಗ್ರಾಚ್ಯುಯಿಟಿ ಎಂದರೆ ಗಿರಾಕಿ ಸಂತೋಷದಿಂದ ಕೊಡುವ ಬಕ್ಷೀಸು. ಆ ಅರ್ಥ ತಪ್ಪಲ್ಲ. ಇಂಗ್ಲಿಷ್ ನಿಘಂಟುಗಳಲ್ಲಿ ಅದೂ ಇದೆ. ವೇವ್ ಎಂದರೆ ಅಲೆ ಎಂದು ಅವನು ಬಲ್ಲ. ಕಾಗದದಲ್ಲಿರುವ ಪದದಲ್ಲಿ ಒಂದು ‘ಐ’ ಅಕ್ಷರ ಹೆಚ್ಚಾಗಿರುವುದನ್ನು ಅವನು ಗಮನಿಸಲಿಲ್ಲ. ಆ ಒಂದು ಅಕ್ಷರ ಸೇರಿದರೆ ಅದು ಅಲೆಯಲ್ಲ, ‘ಹಕ್ಕನ್ನು ಬಿಟ್ಟುಕೊಡು’ ಎಂಬ ಕ್ರಿಯಾಪದ. ಕಿವಿಗೆ ಎರಡೂ ಒಂದೇ. ಕನ್ನಡದಲ್ಲಿ ಬರೆದರೂ ಎರಡೂ ಒಂದೇ. ಬಕ್ಷೀಸಿನ ವಿಷಯವೇನೋ ಇರಬೇಕು, ಅದಕ್ಕಾಗಿ ಚರ್ಚೆ ಏಕೆ ಎಂದುಕೊಂಡು ಅವನು ಸಹಿ ಮಾಡುತ್ತಾನೆ.

ಅವನು ಬಿಟ್ಟುಕೊಟ್ಟದ್ದು ಬಕ್ಷೀಸನ್ನಲ್ಲ. ಹತ್ತು ಅಥವಾ ಅದಕ್ಕೂ ಹೆಚ್ಚು ಜನ ದುಡಿಯುವ ಸಂಸ್ಥೆಯಲ್ಲಿ ಐದು ವರ್ಷ ಎಡೆಬಿಡದೆ ಸೇವೆ ಸಲ್ಲಿಸಿದ ಕಾಯಂ ನೌಕರನಿಗೆ, ಸೇವೆಯ ಪ್ರತಿಯೊಂದು ವರ್ಷಕ್ಕೆ ಹದಿನೈದು ದಿನಗಳ ವೇತನದಂತೆ ಸಲ್ಲಬೇಕಾದ ಹಣವೇ ಕಾನೂನಿನ ಗ್ರಾಚ್ಯುಯಿಟಿ. 1972ರ ಕಾಯಿದೆ ಇದನ್ನು ವಿಧಿಸಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಇದನ್ನು ಉಳಿಸಿಕೊಂಡಿದೆ, ನಿಗದಿತ ಅವಧಿಯ ಕರಾರಿನ ಮೇಲೆ ದುಡಿಯುವವರಿಗೆ ಒಂದು ವರ್ಷದ ಸೇವೆಯೇ ಸಾಕೆಂದೂ ಹೇಳಿದೆ. ಲೆಕ್ಕ ಹಾಕಿ ನೋಡೋಣ. ಲೆಕ್ಕಕ್ಕೆ ಬರುವ ತಿಂಗಳ ವೇತನ 15,600 ರೂಪಾಯಿ ಎಂದಿಟ್ಟುಕೊಂಡರೆ, ಅದನ್ನು 26ರಿಂದ ಭಾಗಿಸಿದಾಗ ದಿನಕ್ಕೆ 600 ರೂಪಾಯಿ. ಹದಿನೈದು ದಿನಕ್ಕೆ 9,000. ಎಂಟು ವರ್ಷಗಳಿಗೆ 72,000 ರೂಪಾಯಿ. ಇಂಥ ಸಹಿ ನ್ಯಾಯಾಲಯದ ಮುಂದೆ ನಿಲ್ಲುವುದೇ ಇಲ್ಲವೇ ಎಂಬುದು ಬೇರೆ ಪ್ರಶ್ನೆ. ಸಹಿ ಮಾಡಿದವನು ನ್ಯಾಯಾಲಯದ ತನಕ ಹೋಗುವುದೇ ಇಲ್ಲ. ತನಗೆ ಏನೋ ಬರಬೇಕಾಗಿತ್ತೆಂಬುದೇ ಅವನಿಗೆ ತಿಳಿದಿರುವುದಿಲ್ಲ. ಊರಿನಲ್ಲಿ ಮನೆಯ ಮಾಡಿಗೆ ಹೊಸ ಹಂಚು ಹೊದಿಸಬಹುದಾಗಿದ್ದ ಹಣ, ತಂಗಿಯ ಮದುವೆಗೆ ಒದಗಬಹುದಾಗಿದ್ದ ಹಣ, ಎರಡು ಪದಗಳ ಅರೆತಿಳಿವಿನಲ್ಲಿ ಕರಗಿಹೋಯಿತು.

ಹಾಗಾದರೆ ಅವನು ಕಲಿತದ್ದು ಕಡಿಮೆಯಾಯಿತೇ? ಅಲ್ಲ. ಪದಗಳನ್ನು ಅವು ದುಡಿಯುವ ಸ್ಥಳದಿಂದ ಕಿತ್ತು ತಂದು ಕಲಿತದ್ದೇ ತಪ್ಪಾಯಿತು. ಪದಕ್ಕೆ ಅರ್ಥವನ್ನು ಕೊಡುವುದು ಅದರ ನೆರೆಹೊರೆ. ಇದಕ್ಕೆ ಮಾಲೇಗಾಂವ್‌ನಲ್ಲಿಯೇ ಒಳ್ಳೆಯ ನಿದರ್ಶನವುಂಟು. ಅಲ್ಲಿನ ವಿದ್ಯುತ್ ಮಗ್ಗಗಳ ಕೆಲಸಗಾರನಿಗೆ ‘ಸೈಜಿಂಗ್’ ಎಂದರೆ ಏನೆಂದು ಕೇಳಿದರೆ, ಹಾಸಿನ ನೂಲು ಮಗ್ಗದ ಮೇಲೆ ಹರಿಯದಂತೆ ಅದಕ್ಕೆ ಗಂಜಿ ಕೊಡುವುದು ಎಂದು ಕ್ಷಣಮಾತ್ರದಲ್ಲಿ ಹೇಳುತ್ತಾನೆ. ಸೈಜ್ ಎಂದರೆ ಅಳತೆ ಎಂದಷ್ಟೇ ಓದಿಕೊಂಡ ಪದವೀಧರ ಗುಮಾಸ್ತ ಅಲ್ಲಿ ಕಕ್ಕಾಬಿಕ್ಕಿಯಾಗುತ್ತಾನೆ. ಶಾಲೆಯ ಮೆಟ್ಟಿಲು ಹೆಚ್ಚು ಹತ್ತದ ನೇಕಾರ ಆ ಇಂಗ್ಲಿಷ್ ಪದದ ಒಡೆಯ. ನಿಘಂಟು ಕೈಯಲ್ಲಿದ್ದ ಗುಮಾಸ್ತ ಅದರ ಮುಂದೆ ಪರಕೀಯ. ಗುಮಾಸ್ತರ ಕಡತದಲ್ಲಿಯೂ ಇಂಥ ಪದಗಳಿಗೆ ಬರವಿಲ್ಲ. ‘ಸ್ಯಾಂಕ್ಷನ್’ ಎಂಬುದು ರಜೆಯ ಅರ್ಜಿಯ ಮೇಲೆ ಬಂದರೆ ಮಂಜೂರಾತಿ. ದೇಶದೇಶಗಳ ನಡುವಿನ ಸುದ್ದಿಯಲ್ಲಿ ಬಂದರೆ ದಂಡನೆಯ ನಿರ್ಬಂಧ. ಒಂದೇ ಪದ, ಒಂದು ಕಡೆ ಬಾಗಿಲು ತೆರೆಯುತ್ತದೆ, ಇನ್ನೊಂದು ಕಡೆ ಮುಚ್ಚುತ್ತದೆ.

ಪಟ್ಟಿಯನ್ನು ಉರು ಹೊಡೆಯುವ ವಿಧಾನಕ್ಕೆ ಇನ್ನೊಂದು ದೋಷವಿದೆ. ಅದು ನೆನಪಿನಲ್ಲಿಯೂ ನಿಲ್ಲದು. ಜರ್ಮನಿಯ ಮನಶ್ಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಉಚ್ಚಾರಗಳನ್ನು ತಾನೇ ಕಂಠಪಾಠ ಮಾಡಿ, ಅವು ಎಷ್ಟು ಬೇಗ ಮರೆತುಹೋಗುತ್ತವೆ ಎಂಬುದನ್ನು ಅಳೆದು 1885ರಲ್ಲಿ ಪ್ರಕಟಿಸಿದ. ಮರೆವು ಮೊದಲ ಕೆಲವು ಗಂಟೆಗಳಲ್ಲಿಯೇ ಅತಿ ವೇಗದಿಂದ ಕೆಲಸ ಮಾಡುತ್ತದೆಂದೂ, ದಿನಗಳ ಅಂತರ ಬಿಟ್ಟು ಮತ್ತೆ ಮತ್ತೆ ನೋಡಿದ ಪಾಠ ಒಂದೇ ಪಟ್ಟಿಗೆ ಓದಿದ ಪಾಠಕ್ಕಿಂತ ಗಟ್ಟಿಯಾಗಿ ನಿಲ್ಲುತ್ತದೆಂದೂ ಅವನು ಕಂಡುಕೊಂಡ. ಸಂದರ್ಭವಿಲ್ಲದ ಕಠಿಣ ಪದ ನಮ್ಮ ತರುಣನ ಪಾಲಿಗೆ ಅರ್ಥವಿಲ್ಲದ ಉಚ್ಚಾರವೇ ಸರಿ. ಇಂದು ಹತ್ತು, ನಾಳೆ ಹತ್ತು ಎಂದು ಮುಂದೆ ಮುಂದೆ ಓಡುವವನು ತೂತು ಕೊಡದಲ್ಲಿ ನೀರು ಹೊತ್ತಂತಾಗುತ್ತದೆ. ಮೂರು ಪದಗಳನ್ನು ಕಲಿತು, ಅವನ್ನೇ ಮರುದಿನ, ಮೂರು ದಿನಗಳ ಮೇಲೆ, ವಾರದ ಮೇಲೆ, ತಿಂಗಳ ಮೇಲೆ ಮತ್ತೊಮ್ಮೆ ನೋಡುವವನೇ ಜಾಣ.

ಯಾವ ಪದಗಳನ್ನು ಮೊದಲು ಕಲಿಯಬೇಕು ಎಂಬ ಪ್ರಶ್ನೆಗೂ ಉತ್ತರವಿದೆ. ಢಾಕಾದಲ್ಲಿ ಶಿಕ್ಷಕರಿಗೆ ತರಬೇತಿ ಕೊಡುತ್ತಿದ್ದ ಮೈಕೆಲ್ ವೆಸ್ಟ್ ಎಂಬ ಇಂಗ್ಲಿಷರು ಬಂಗಾಳದ ಮಕ್ಕಳ ಕಷ್ಟವನ್ನು ಕಣ್ಣಾರೆ ಕಂಡವರು. ಅವರು 1953ರಲ್ಲಿ ಹೆಚ್ಚು ಬಳಕೆಯ ಸುಮಾರು ಎರಡು ಸಾವಿರ ಪದಗಳ ಪಟ್ಟಿಯೊಂದನ್ನು ಹೊರತಂದರು. ಸಾಮಾನ್ಯ ಇಂಗ್ಲಿಷ್ ಬರಹದಲ್ಲಿ ಹತ್ತಕ್ಕೆ ಸುಮಾರು ಎಂಟು ಪದಗಳು ಈ ಎರಡು ಸಾವಿರದೊಳಗಿನವೇ. ಅವು ವಶವಾಗುವ ಮೊದಲೇ ‘ಮ್ಯಾಗ್ನಾನಿಮಸ್’ನ ಬೆನ್ನು ಹತ್ತುವುದು ತಳಪಾಯವಿಲ್ಲದೆ ಮಾಡು ಕಟ್ಟಿದಂತೆ. ಇನ್ನುಳಿದ ಎರಡು ಪದಗಳು ಯಾವುವು? ಅವು ಒಬ್ಬೊಬ್ಬನ ಕಸುಬಿಗೆ ಒಂದೊಂದು. ಹೋಟೆಲಿನವನಿಗೆ ಲೈಸೆನ್ಸು, ಪ್ರಾವಿಡೆಂಟ್ ಫಂಡು, ನಾಮಿನಿ, ಗ್ರಾಚ್ಯುಯಿಟಿ. ಗುಮಾಸ್ತನಿಗೆ ಇನ್‌ಕ್ರಿಮೆಂಟು, ಅರಿಯರ್ಸು, ಅಫಿಡವಿಟ್ಟು, ಇಂಡೆಮ್ನಿಟಿ. ‘ನಾಟ್‌ವಿತ್‌ಸ್ಟ್ಯಾಂಡಿಂಗ್’ ಎಂಬ ಉದ್ದನೆಯ ಪದವನ್ನು ಕಂಡು ಎಷ್ಟೋ ಜನ ಆ ಸಾಲನ್ನೇ ದಾಟಿಬಿಡುತ್ತಾರೆ. ‘ಇದಕ್ಕೆ ವಿರುದ್ಧವಾಗಿ ಬೇರೆಡೆ ಏನೇ ಬರೆದಿದ್ದರೂ ಇದೇ ನಡೆಯತಕ್ಕದ್ದು’ ಎಂಬುದು ಅದರ ತಾತ್ಪರ್ಯ. ಕರಾರುಪತ್ರದಲ್ಲಿ ಎಲ್ಲಕ್ಕಿಂತ ಬಲವಾದ ಮಾತು ಬಹಳ ಸಲ ಆ ಪದದ ಬೆನ್ನಿಗೇ ಇರುತ್ತದೆ.

ದೊಡ್ಡ ಪದಗಳಿಗೆ ಹೆದರುವ ಕಾರಣವೂ ಕನ್ನಡಿಗನಿಗಿಲ್ಲ. ನಮ್ಮ ಹೋಟೆಲಿನ ಬೋರ್ಡನ್ನೇ ನೋಡಿರಿ. ‘ಉಪಾಹಾರ ಗೃಹ’ ಎಂದಿರುತ್ತದೆ. ಸಂಸ್ಕೃತದ ‘ಹೃ’ ಎಂಬ ಧಾತುವಿಗೆ ಒಯ್ಯು ಎಂದರ್ಥ. ಅದಕ್ಕೆ ಬೇರೆ ಬೇರೆ ಉಪಸರ್ಗ ಸೇರಿ ಆಹಾರ, ವಿಹಾರ, ಪ್ರಹಾರ, ಸಂಹಾರ, ಪರಿಹಾರಗಳಾದವು. ಇಂಗ್ಲಿಷಿನ ಪ್ರೌಢ ಪದಗಳಲ್ಲಿ ಬಹುಪಾಲು ಲ್ಯಾಟಿನ್ ಮೂಲದವು. ಅವುಗಳ ಕಟ್ಟಡವೂ ಹೀಗೆಯೇ. ಲ್ಯಾಟಿನಿನಲ್ಲಿ ‘ಪೋರ್ಟ್’ ಎಂಬ ಮೂಲಕ್ಕೂ ಹೊರು, ಒಯ್ಯು ಎಂಬುದೇ ಅರ್ಥ. ಒಳಕ್ಕೆ ಒಯ್ದರೆ ಇಂಪೋರ್ಟ್, ಹೊರಕ್ಕೆ ಒಯ್ದರೆ ಎಕ್ಸ್‌ಪೋರ್ಟ್, ಆಚೆಗೆ ಒಯ್ದರೆ ಟ್ರಾನ್ಸ್‌ಪೋರ್ಟ್, ಸುದ್ದಿಯನ್ನು ಮರಳಿ ತಂದರೆ ರಿಪೋರ್ಟ್, ಸ್ಟೇಷನ್ನಿನಲ್ಲಿ ಗಂಟು ಹೊರುವವನು ಪೋರ್ಟರ್. ಒಂದು ಬೇರು ಹಿಡಿದರೆ ಇಡೀ ಬಳ್ಳಿ ಕೈಗೆ ಬರುತ್ತದೆ. ಒಂದು ಎಚ್ಚರಿಕೆಯನ್ನೂ ಆ ಬೋರ್ಡೇ ನಮಗೆ ಕೊಡುತ್ತದೆ. ದೀರ್ಘವನ್ನು ಮರೆತು ‘ಉಪಹಾರ’ ಎಂದು ಬರೆಸಿದವರು ಹಲವರಿದ್ದಾರೆ. ಅದರ ಅರ್ಥ ತಿಂಡಿಯಲ್ಲ, ಕಾಣಿಕೆ. ಒಂದು ದೀರ್ಘದಿಂದ ತಿಂಡಿ ಕಾಣಿಕೆಯಾಗುವ ಭಾಷೆಯವರಿಗೆ, ಒಂದು ‘ಐ’ ಅಕ್ಷರದಿಂದ ಅಲೆ ಹಕ್ಕಿನ ತ್ಯಾಗವಾಗುವುದು ವಿಚಿತ್ರವೆನಿಸಬೇಕಾಗಿಲ್ಲ.

ಕನ್ನಡವನ್ನು ಬಿಟ್ಟರೆ ಇಂಗ್ಲಿಷ್ ಬೇಗ ಬರುತ್ತದೆಂಬ ಭ್ರಮೆ ಕೆಲವರಲ್ಲಿದೆ. ಇದು ತಲೆಕೆಳಗಾದ ಮಾತು. ಕನ್ನಡಿಗನಿಗೆ ಇಂಗ್ಲಿಷ್ ಪದದ ಅರ್ಥ ನಿಲ್ಲಬೇಕಾದುದು ಕನ್ನಡದ ನೆಲದ ಮೇಲೆಯೇ. ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್-ಕರ್ಣಾಟಕ ನಿಘಂಟನ್ನು ಹೊರತಂದ ಕಾಲದಿಂದ, ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟಿನವರೆಗೆ, ಈ ಕೆಲಸಕ್ಕೆ ವಿದ್ವಾಂಸರು ಬಾಳನ್ನೇ ಸವೆಸಿದ್ದಾರೆ. 2021ರಲ್ಲಿ ನೂರು ದಾಟಿದ ವಯಸ್ಸಿನಲ್ಲಿ ಅಗಲಿದ ಜಿ. ವೆಂಕಟಸುಬ್ಬಯ್ಯನವರು ‘ಪ್ರಜಾವಾಣಿ’ಯ ‘ಇಗೋ ಕನ್ನಡ’ ಅಂಕಣದಲ್ಲಿ ವರ್ಷಗಟ್ಟಲೆ ಸಾಮಾನ್ಯ ಓದುಗರ ಪದಸಂದೇಹಗಳಿಗೆ ಉತ್ತರ ಕೊಟ್ಟರು. ಪದದ ಅರ್ಥ ಕೇಳುವುದು ಅವಮಾನವಲ್ಲವೆಂಬುದನ್ನು ಆ ಅಂಕಣ ಕಲಿಸಿತು. ಇಂದು ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ‘ಭಾರತವಾಣಿ’ಯ ಮೂಲಕ ಕನ್ನಡದ ಹಲವು ನಿಘಂಟುಗಳು ಮೊಬೈಲಿನಲ್ಲಿಯೇ ಬಿಟ್ಟಿಯಾಗಿ ದೊರೆಯುತ್ತಿವೆ. ಸಾಧನದ ಕೊರತೆ ಈಗ ನೆಪವಾಗಲಾರದು.

ಆದರೆ ನಿಘಂಟು ಎಲ್ಲ ಅರ್ಥಗಳನ್ನೂ ಸಾಲಾಗಿ ಕೊಡಬಲ್ಲುದೇ ಹೊರತು, ಈ ಕಾಗದದಲ್ಲಿ ಯಾವ ಅರ್ಥ ಎಂದು ಬೆರಳಿಟ್ಟು ತೋರಿಸಲಾರದು. ಅದನ್ನು ತೋರಿಸಲು ಮನುಷ್ಯ ಬೇಕು. ಇಪ್ಪತ್ತನೆಯ ಶತಮಾನದ ಮೊದಲ ದಶಕದಿಂದಲೇ ಮುಂಬಯಿಯಲ್ಲಿ ಕನ್ನಡಿಗರ ಸಂಘಗಳು ರಾತ್ರಿಶಾಲೆಗಳನ್ನು ತೆರೆದು ಈ ಕೆಲಸವನ್ನು ಮಾಡಿದವು. ಹಗಲು ಹೋಟೆಲಿನಲ್ಲಿ ದುಡಿದ ಎಷ್ಟೋ ಹುಡುಗರು ಅಲ್ಲಿ ಓದಿ ಗುಮಾಸ್ತರಾದರು, ವಕೀಲರಾದರು, ಹೋಟೆಲಿನ ಒಡೆಯರೂ ಆದರು. ಅವುಗಳಲ್ಲಿ ಹಲವು ಇಂದು ನಿಂತುಹೋಗಿವೆ. ನಾಸಿಕದಿಂದಲೂ ಸುಮಾರು ನೂರು ಕಿಲೋಮೀಟರ್ ಆಚೆಗಿರುವ ಮಾಲೇಗಾಂವ್‌ನ ಹುಡುಗನಿಗಂತೂ ಮುಂಬಯಿಯ ಶಾಲೆ ಹಿಂದೆಯೂ ದೂರವೇ, ಇಂದೂ ದೂರವೇ.

ಆದುದರಿಂದ ನಮ್ಮ ಸೂಚನೆ ಇಷ್ಟು. ಎಲ್ಲೆಲ್ಲಿ ನಾಲ್ಕು ಜನ ಕನ್ನಡಿಗ ಕೆಲಸಗಾರರಿದ್ದಾರೋ ಅಲ್ಲಿ ವಾರಕ್ಕೊಂದು ಸಂಜೆ, ಓದು ಬಲ್ಲ ಒಬ್ಬ ಗುಮಾಸ್ತರು ಅವರೊಡನೆ ಕುಳಿತುಕೊಳ್ಳಲಿ. ಪಾಠಪುಸ್ತಕ ಬೇಡ. ಆ ವಾರ ಕೈಗೆ ಬಂದ ಕಾಗದಗಳೇ ಪಾಠವಾಗಲಿ: ಸಂಬಳದ ಚೀಟಿ, ಬ್ಯಾಂಕಿನ ಅರ್ಜಿ, ವಿಮೆಯ ಪತ್ರ, ಕೆಲಸಕ್ಕೆ ಸೇರುವಾಗಿನ ಕರಾರು. ತಿಳಿಯದ ಪದದ ಕೆಳಗೆ ಗೆರೆ ಎಳೆದು, ಆ ಸಾಲಿನ ಅರ್ಥವನ್ನು ಕನ್ನಡದಲ್ಲಿ ಒಂದು ವಾಕ್ಯವಾಗಿ ಬರೆದುಕೊಳ್ಳಲಿ. ಹೋಟೆಲಿನ ಯಜಮಾನರಲ್ಲಿಯೂ ಒಂದು ವಿಜ್ಞಾಪನೆಯುಂಟು. ತಾವೂ ಒಂದು ಕಾಲದಲ್ಲಿ ಇಂಥದೇ ಕಾಗದದ ಮುಂದೆ ನಿಂತವರೆಂಬುದನ್ನು ಮರೆಯದೆ, ಸಹಿ ಕೇಳುವ ಪತ್ರದ ಜೊತೆಗೆ ಕನ್ನಡದಲ್ಲಿ ನಾಲ್ಕು ಸಾಲಿನ ವಿವರಣೆಯನ್ನು ಇಟ್ಟರೆ, ಅದರಿಂದ ಅವರ ಗೌರವ ಹೆಚ್ಚುವುದೇ ಹೊರತು ಕುಂದದು.

ಕಠಿಣ ಪದಗಳನ್ನು ಕಲಿಯಬೇಡಿರೆಂದು ನಾವು ಹೇಳುತ್ತಿಲ್ಲ. ಕಲಿಯಿರಿ, ಇನ್ನೂ ಹೆಚ್ಚು ಕಲಿಯಿರಿ. ಉದಾರ ಹೃದಯಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆಂದು ತಿಳಿದಿರುವುದೂ ಒಂದು ಸಂತೋಷವೇ. ಆದರೆ ಮೊದಲು ನಿಮ್ಮ ಹೆಸರಿನ ಮೇಲುಗಡೆ ಬರೆದಿರುವ ಪದಗಳನ್ನು ಕಲಿಯಿರಿ. ತಿಳಿಯದ ಪದವೊಂದು ಕಾಗದದಲ್ಲಿ ಉಳಿದಿರುವ ತನಕ ಲೇಖನಿಯನ್ನು ಮುಚ್ಚಿಯೇ ಇಟ್ಟಿರಿ. ‘ನಾಳೆ ಓದಿ ಕೊಡುತ್ತೇನೆ’ ಎನ್ನುವುದಕ್ಕೆ ಯಾವ ಇಂಗ್ಲಿಷೂ ಬೇಕಾಗಿಲ್ಲ.